ನೆಲ, ಗೋಡೆ, ಮೇಜಿನ ಮೇಲಿನ ಇಂಕಿನ ಕಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮನೆ. ಪಡಸಾಲೆಗೆ ರೆಡ್ ಆಕ್ಸೈಡ್ ನೆಲವಿದೆ. ಮೊಮ್ಮಗ ಬಾಲ್‌ಪೆನ್ನಿನ ರೀಫಿಲ್ಲನ್ನು ಕಲ್ಲಿನಿಂದ ಜಜ್ಜಿ ಇಂಕನ್ನೆಲ್ಲ ಚೆಲ್ಲಿದ್ದಾನೆ. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಬೊಟ್ಟಿನಷ್ಟಿದ್ದ ಕಲೆ ಅಂಗೈಯಗಲವಾಗಿದೆ. ಪಕ್ಕದ ಮನೆಯವರು ಬಚ್ಚಲು ತೊಳೆಯುವ ಆಸಿಡ್ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಆಸಿಡ್ ಖಂಡಿತ ಬೇಡ. ರೆಡ್ ಆಕ್ಸೈಡ್ ನೆಲವೆಂದರೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪುಗೊಳಿಸಿದ ತೆಳುವಾದ ಪದರ. ಬಚ್ಚಲಿನ ಆಸಿಡಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲವು ಆ ಸಿಮೆಂಟನ್ನೇ ತಿನ್ನುತ್ತದೆ. ಇಂಕು ಹೋಗುತ್ತದೆಂಬ ಭರವಸೆಯಂತೂ ಇಲ್ಲ. ಕಲೆ ಹಾಗೆಯೇ ಉಳಿದು ಸುತ್ತಲಿನ ನೆಲ ಬಿಳಿಚಿಕೊಂಡು ಒರಟಾದರೆ, ಅದನ್ನು ಮೊದಲಿನಂತೆ ಮಾಡಿಕೊಡಬಲ್ಲ ಗಾರೆ ಕೆಲಸದವರನ್ನು ಈಗ ಹುಡುಕಿ ತರಬೇಕಾಗುತ್ತದೆ. ಮೊಸಾಯಿಕ್, ಕಡಪ ಕಲ್ಲು, ಅಮೃತಶಿಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಅವುಗಳಲ್ಲಿರುವ ಸುಣ್ಣದಂಶ ಆಮ್ಲ ಸೋಕಿದೊಡನೆ ನೊರೆಯೆದ್ದು ಕರಗುತ್ತದೆ. ಆಸಿಡ್ ಸುರಿದು ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಬ್ಲೀಚಿಂಗ್ ಪುಡಿ ಉದುರಿಸುವವರೂ ಇದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ.

ಒದ್ದೆ ಬಟ್ಟೆಗೆ ಕಲೆ ಬಗ್ಗದೆ ಹರಡಿದ್ದು ಸಹಜವೇ. ಬಾಲ್‌ಪೆನ್ನಿನ ಇಂಕು ನೀರಿನಿಂದ ಮಾಡಿದ್ದಲ್ಲ; ಎಣ್ಣೆಯಂತೆ ಮಂದವಾದ ದ್ರಾವಕದಲ್ಲಿ ಬಣ್ಣವನ್ನು ಕರಗಿಸಿ ಮಾಡಿದ್ದು. ಅದನ್ನು ಕರಗಿಸುವುದು ಆಲ್ಕೋಹಾಲ್. ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಸಾಕು. ಮನೆಯಲ್ಲಿ ಸ್ಯಾನಿಟೈಸರ್ ಉಳಿದಿದ್ದರೆ ಅದೂ ಆದೀತು, ಆದರೆ ಜೆಲ್ಲಿನಂತಿರುವುದು ಅಂಟು ಬಿಡುವುದರಿಂದ ನೀರಿನಂತಿರುವುದೇ ಮೇಲು. ಒಲೆಯನ್ನೂ ದೇವರ ದೀಪವನ್ನೂ ಆರಿಸಿ, ಕಿಟಕಿ ತೆರೆದಿಟ್ಟು ಕೆಲಸಕ್ಕೆ ಕೂರಬೇಕು, ಏಕೆಂದರೆ ಸ್ಪಿರಿಟ್ಟಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಸ್ಪಿರಿಟ್ಟನ್ನು ನೆಲದ ಮೇಲೆ ಸುರಿಯಬಾರದು. ಸುರಿದರೆ ಇಂಕು ಕರಗಿ ಇನ್ನಷ್ಟು ಅಗಲಕ್ಕೆ ಹಬ್ಬುತ್ತದೆ, ನೆಲದ ಸಣ್ಣ ರಂಧ್ರಗಳಿಗೂ ಇಳಿಯುತ್ತದೆ. ಹಳೆಯ ಬಿಳಿ ಬನಿಯನ್ನಿನ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿ, ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ಎತ್ತಬೇಕೇ ಹೊರತು ಉಜ್ಜಬಾರದು. ಬಟ್ಟೆಗೆ ನೀಲಿ ಹತ್ತಿದೊಡನೆ ಅದನ್ನು ಮಡಿಸಿ ಹೊಸ ಬದಿಯನ್ನು ಒತ್ತಬೇಕು. ಈ ಸಣ್ಣ ಕೆಲಸವನ್ನು ಬಿಟ್ಟಿದ್ದರಿಂದಲೇ ಅನೇಕರು ಸ್ಪಿರಿಟ್ಟಿನಿಂದಲೂ ಪ್ರಯೋಜನವಾಗಲಿಲ್ಲ ಎಂದು ಬರೆಯುತ್ತಾರೆ. ಮೇಲಿನ ಬಣ್ಣವೆಲ್ಲ ಹೋಗಿ ಒಳಗೆ ನೆರಳಿನಂತೆ ಉಳಿದರೆ, ಅಡುಗೆ ಸೋಡಾವನ್ನು ಸ್ಪಿರಿಟ್ಟಿನಲ್ಲಿ ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಬಳಿಯಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಟ್ಟು, ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗ ಒಳಗಿನ ಇಂಕನ್ನು ಆ ಪುಡಿ ತನ್ನತ್ತ ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ ಇದನ್ನು ಮತ್ತೆ ಮಾಡಬೇಕಾದೀತು.

ಕೊನೆಯಲ್ಲಿ ತೊಳೆಯಲು ಸೋಪಿಗಿಂತ ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿ ಒಳ್ಳೆಯದು. ನಮ್ಮ ಭಾಗದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಕದಡಿ ನೆಲದ ಮೇಲೆ ಬೂದುಬಣ್ಣದ ಪೊರೆ ಕಟ್ಟುತ್ತದೆ. ಸೀಮೆಎಣ್ಣೆ, ಟರ್ಪೆಂಟೈನ್ ಬಳಸಿದರೆ ನೆಲಕ್ಕೆ ಹಚ್ಚಿದ ಮೇಣದ ಹೊಳಪು ಹೋಗುತ್ತದೆ. ಉಜ್ಜಿದ ಜಾಗ ಮಂಕಾಗಿ ಕಂಡರೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಒಣಬಟ್ಟೆಯಿಂದ ತಿಕ್ಕಿ, ಜಾರದಂತೆ ಒರೆಸಿ ತೆಗೆಯಿರಿ.

ಪ್ರಶ್ನೆ: ಬಾಡಿಗೆ ಮನೆಯ ಗೋಡೆಯ ಮೇಲೆ ಮಗಳು ಸ್ಕೆಚ್ ಪೆನ್ನಿನಿಂದಲೂ ಪರ್ಮನೆಂಟ್ ಮಾರ್ಕರಿನಿಂದಲೂ ಗೀಚಿದ್ದಾಳೆ. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆಂಬ ಚಿಂತೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆಂಬುದನ್ನು ಮೊದಲು ತಿಳಿಯಿರಿ. ಒದ್ದೆ ಬೆರಳಿನಿಂದ ತಿಕ್ಕಿದಾಗ ಬೆರಳಿಗೆ ಬಣ್ಣ ಹತ್ತಿದರೆ ಅದು ಬಹುಮಟ್ಟಿಗೆ ಡಿಸ್ಟೆಂಪರ್, ಅದರ ಮೇಲೆ ಏನನ್ನು ಉಜ್ಜಿದರೂ ಬಣ್ಣವೇ ಕಿತ್ತುಬರುತ್ತದೆ. ಎಮಲ್ಷನ್ ಆಗಿದ್ದರೆ ಸ್ಕೆಚ್ ಪೆನ್ನಿನ ಗೆರೆಗಳು ನೀರಿನ ಬಣ್ಣವಾದ್ದರಿಂದ ಸೋಪುನೀರಿನ ಬಟ್ಟೆಗೇ ಬಹುತೇಕ ಹೋಗುತ್ತವೆ. ಮಾರ್ಕರಿನ ಗೆರೆಗೆ ಸ್ಪಿರಿಟ್ ಬೇಕು, ಆದರೆ ಅದು ಎಮಲ್ಷನ್ನನ್ನೂ ಮೆದುಗೊಳಿಸುವುದರಿಂದ ಬೀರುವಿನ ಹಿಂಬದಿಯಂತಹ ಮರೆಯ ಜಾಗದಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ. ಟೈಲ್ಸ್, ಗಾಜು, ಸ್ಟೀಲಿನ ಮೇಲಾದರೆ ಈ ಭಯವಿಲ್ಲ; ಅಲ್ಲಿ ಬೋರ್ಡಿಗೆ ಬಳಸುವ ವೈಟ್‌ಬೋರ್ಡ್ ಮಾರ್ಕರಿನಿಂದ ಹಳೆಯ ಗೆರೆಯ ಮೇಲೆಯೇ ಬರೆದು ತಕ್ಷಣ ಒರೆಸಿದರೂ ಎರಡೂ ಒಟ್ಟಿಗೆ ಬರುವುದುಂಟು.

ಬಣ್ಣ ಬಳಿದು ಮುಚ್ಚಿಬಿಡುವ ಯೋಚನೆಯಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಮಾರ್ಕರಿನ ಗೆರೆಯ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಅದು ಹಸಿ ಬಣ್ಣದೊಳಗೆ ಕರಗಿ ಮತ್ತೆ ಮೇಲಕ್ಕೆ ಬರುತ್ತದೆ, ಎರಡನೆಯ ಕೋಟಿಗೂ ನಿಲ್ಲದಿರಬಹುದು. ಕಲೆಯಿರುವಷ್ಟೇ ಜಾಗಕ್ಕೆ ಮೊದಲು ಕಲೆಯನ್ನು ತಡೆಹಿಡಿಯುವ ಪ್ರೈಮರ್, ಅಂದರೆ ಅರಗಿನದು ಅಥವಾ ಎಣ್ಣೆಯದು, ಬಳಿದು ಒಣಗಿಸಿ, ನಂತರ ಬಣ್ಣ ಕೊಡಿಸಿ. ಪೈಂಟರಿಗೆ ಇದನ್ನು ಮೊದಲೇ ಹೇಳದಿದ್ದರೆ ಕೂಲಿಯೂ ಬಣ್ಣವೂ ದಂಡ.

ಪ್ರಶ್ನೆ: ತಂದೆಯವರ ಕಾಲದ ಪಾಲಿಶ್ ಮಾಡಿದ ತೇಗದ ಮೇಜಿನ ಮೇಲೆ ಸ್ಟಾಂಪ್ ಪ್ಯಾಡಿನ ನೇರಳೆ ಇಂಕು ಚೆಲ್ಲಿದೆ. ಸ್ಪಿರಿಟ್ ಅಥವಾ ನೇಲ್ ಪಾಲಿಶ್ ರಿಮೂವರ್ ಬಳಸಲೇ?
– ಓದುಗರು, ಕೋಲಾರ

ಉತ್ತರ: ಎರಡನ್ನೂ ದೂರವಿಡಿ. ಹಳೆಯ ಮರದ ಸಾಮಾನಿಗೆ ಬಡಗಿಗಳು ಕೊಡುತ್ತಿದ್ದ ಪಾಲಿಶ್ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡಿದ್ದು, ಆದ್ದರಿಂದ ಸ್ಪಿರಿಟ್ ಸೋಕಿದರೆ ಪಾಲಿಶ್ ಮತ್ತೆ ಕರಗಿ ಅಂಟಾಗುತ್ತದೆ. ರಿಮೂವರಿನ ಅಸಿಟೋನ್ ಇನ್ನೂ ತೀಕ್ಷ್ಣ. ಅದು ಟಿವಿಯ ಚೌಕಟ್ಟು, ಸ್ವಿಚ್ ಬೋರ್ಡು, ಫ್ರಿಜ್ಜಿನೊಳಗಿನ ತಟ್ಟೆಗಳಂತಹ ಪ್ಲಾಸ್ಟಿಕ್ಕನ್ನೂ ಮಂಕಾಗಿಸುತ್ತದೆ. ಸ್ಟಾಂಪ್ ಪ್ಯಾಡಿನ ಇಂಕು ಸಾಮಾನ್ಯವಾಗಿ ಗ್ಲಿಸರಿನ್ನಿನಂತಹ ನೀರಿಗೆ ಹೊಂದುವ ದ್ರವದಲ್ಲಿರುವುದರಿಂದ, ಪಾತ್ರೆ ತೊಳೆಯುವ ದ್ರಾವಣವನ್ನು ಚೆನ್ನಾಗಿ ಹಿಂಡಿದ ಬಟ್ಟೆಗೆ ಹಚ್ಚಿ ಒತ್ತಿ ತೆಗೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ಇಂಕು ಪಾಲಿಶ್ ದಾಟಿ ಮರದ ಗೆರೆಗಳಿಗೆ ಇಳಿದಿದ್ದರೆ ಒರೆಸುವುದನ್ನು ನಿಲ್ಲಿಸಿ, ಬಡಗಿಯಿಂದ ಆ ಭಾಗವನ್ನು ಮರಳು ಕಾಗದದಲ್ಲಿ ಉಜ್ಜಿಸಿ ಮತ್ತೆ ಪಾಲಿಶ್ ಹಾಕಿಸಬೇಕು. ಸನ್‌ಮೈಕಾ ಹೊದಿಸಿದ ಮೇಜಾಗಿದ್ದರೆ ಮಾತ್ರ ಸ್ಪಿರಿಟ್ಟಿನಿಂದ ಧೈರ್ಯವಾಗಿ ಒರೆಸಬಹುದು.