ಬಿಗಿದ ಮುಷ್ಟಿ

ಕಾಳಿ ನದಿ ದಡದ ಹಳ್ಳಿಯ ಗೃಹಿಣಿ, ನಲವತ್ತರ ಆಸುಪಾಸು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಲಗೈ ಮುಷ್ಟಿ ತಾನಾಗಿ ಬಿಗಿದುಕೊಳ್ಳುತ್ತದೆ, ಭುಜ ನೋಯುತ್ತದೆ, ಮಳೆ ಜೋರಾದ ರಾತ್ರಿ ನಿದ್ದೆಯಿಲ್ಲ. ಮೂಳೆ, ನರಗಳ ತಪಾಸಣೆಯಲ್ಲಿ ಏನೂ ಕಾಣದೆ ಕಾರವಾರದಲ್ಲಿ, ಚಿತ್ರ ಬರೆಸುತ್ತ ಮನಸ್ಸಿನ ನೋವಿಗೆ ಚಿಕಿತ್ಸೆ ನೀಡುವ ನನ್ನ ಬಳಿ ಬಂದರು.

2019ರ ಆಗಸ್ಟ್‌ನಲ್ಲಿ ಕಾಳಿ ಉಕ್ಕಿದಾಗ, ದೋಣಿ ಬರುವವರೆಗೆ ಅವರು ಬಲಗೈಯಲ್ಲಿ ಕಿಟಕಿಯ ಸರಳು, ಎಡಗೈಯಲ್ಲಿ ಮಗನನ್ನು ಹಿಡಿದು ನಿಂತಿದ್ದರು. ಇಬ್ಬರೂ ಉಳಿದರು. ಐದು ವರ್ಷ ಸುಮ್ಮನಿದ್ದ ಕೈ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದ ಸುದ್ದಿಯನ್ನು ಟಿ.ವಿ.ಯಲ್ಲಿ ದಿನವಿಡೀ ನೋಡಿದ ಮೇಲೆ ಬಿಗಿಯತೊಡಗಿತು. "ಆ ಪ್ರವಾಹದಲ್ಲಿ ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ, ಇನ್ನೂ ಯಾಕೆ ಹೆದರಿಕೆ?" ಎಂದರು ಮನೆಯವರು. ಆ ಮಾತೇ ಅವರ ಬಾಯಿ ಕಟ್ಟಿಹಾಕಿತ್ತು.

ಅವರಿಗಾಗಿ ನಾನು ಆರಿಸಿಕೊಂಡ, ದೇಹದ ನಕ್ಷೆ ಬರೆಯುವ ವಿಧಾನ 2002ರ ಸುಮಾರಿಗೆ ಕೇಪ್‌ಟೌನ್‌ನಲ್ಲಿ ಎಚ್‌ಐವಿ ಸೋಂಕಿತ ಮಹಿಳೆಯರ ಜೊತೆ ರೂಪುಗೊಂಡದ್ದು. ದೊಡ್ಡ ಕಾಗದದ ಮೇಲೆ ಮಲಗಿದವರ ಸುತ್ತ ಗೆರೆ ಎಳೆದು, ನೋವಿರುವಲ್ಲಿ, ಬಲವಿರುವಲ್ಲಿ ಬಣ್ಣ ತುಂಬುವುದು. ನಾನು ಅವಸರ ಮಾಡಿದೆ. ಎರಡನೇ ಭೇಟಿಯಲ್ಲೇ ಮಲಗಲು ಹೇಳಿದಾಗ ಅವರ ಉಸಿರು ಸಿಕ್ಕಿಕೊಂಡಿತು, ಕೂಡಲೇ ನಿಲ್ಲಿಸಿದೆವು. ಮಲಗಿದವರಿಗೆ ಎದ್ದು ಓಡುವುದು ಕಷ್ಟ ಎಂಬುದನ್ನು ಮೊದಲೇ ಯೋಚಿಸಬೇಕಿತ್ತು.

ಮುಂದಿನ ವಾರ ಬಾಗಿಲು ತೆರೆದಿಟ್ಟು, ಕುಳಿತಲ್ಲೇ ಎಡಗೈಯ ಗೆರೆಯಿಂದ ಆರಂಭಿಸಿದೆವು. ನೋಯದ ಕೈ ಮೊದಲು. ಬಣ್ಣದ ಪೆನ್ಸಿಲ್ ಅವರಿಗೆ ಒಗ್ಗಲಿಲ್ಲ. ಶೇಡಿ ಎಂಬ ಬಿಳಿ ಮಣ್ಣು, ಕೆಮ್ಮಣ್ಣು ಕಲಸಿಕೊಟ್ಟೆ. ಬಲಗೈಯ ಸರದಿ ಬಂದಾಗ ಬೆರಳುಗಳ ಬದಲು ಸರಳುಗಳನ್ನೇ ಬರೆದು, "ಅಕ್ಕೋರೇ, ಈ ಕೈ ಇನ್ನೂ ಬಿಟ್ಟಿಲ್ಲ" ಎಂದರು. ಒದ್ದೆ ಮಣ್ಣನ್ನು ಗಟ್ಟಿಯಾಗಿ ಹಿಂಡಿ ನಿಧಾನವಾಗಿ ಬಿಡಲು ಹೇಳಿದೆ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಅವರಿಷ್ಟ. ಅಂದು ಬಹಳ ಅತ್ತರು. ಚಿತ್ರದ ಅರ್ಥವನ್ನು ನಾನು ಹೇಳಲಿಲ್ಲ. ಅದು ಬರೆದವರದ್ದು.

ಮನೆಗೆ ಕೊಟ್ಟ ಸಲಹೆ: ಮಳೆ ಜೋರಾದಾಗ ಎರಡೂ ಪಾದಗಳನ್ನು ನೆಲಕ್ಕೆ ಊರಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳಿ, ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು. ಪ್ರವಾಹದ ಚಿತ್ರವನ್ನು ಒಬ್ಬರೇ ಕುಳಿತು ಬರೆಯಬಾರದು. ಗಂಡನಿಗೆ ಹೇಳಿದ್ದು, "ಮರೆತುಬಿಡು ಅನ್ನಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ." ನಿದ್ದೆಯ ತೊಂದರೆಗೆ ಮನೋವೈದ್ಯರ ಬಳಿ ಕಳುಹಿಸಿದೆ, ಚಿತ್ರ ಬರೆಯುವುದು ಔಷಧಿಗೆ ಬದಲಿಯಲ್ಲ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಕಳೆದ ಭೇಟಿಗೆ ಮಳೆಯಲ್ಲೇ ಬಂದರು. ಭುಜದ ನೋವು ಪೂರ್ತಿ ಹೋಗಿಲ್ಲ; ಮುಷ್ಟಿ ಬಿಗಿಯುವುದು ಈಗ ಗೊತ್ತಾಗುತ್ತದೆ, ಬಿಡಿಸಲೂ ಬರುತ್ತದೆ ಎಂದರು. ಚೌತಿಗೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿಯುವುದಿದೆಯಂತೆ. ಮುಂದಿನ ಭೇಟಿ ಅದಾದ ಮೇಲೆ.