ಚೌತಿಗೆ ಬಣ್ಣ ಬೇಡ, ಬೇಸ್‌ಬಾಲ್ ಮುಗಿಯಲಿ

ಓದುಗರ ಪತ್ರ: ಕಾರವಾರದ ಕೋಡಿಬಾಗದಲ್ಲಿ ನಮ್ಮದು ಹಳೇ ಚಿರೇಕಲ್ಲಿನ ಮನೆ. ಹಾಲ್ 14 ಅಡಿಗೆ 11 ಅಡಿ. ಅದರ ಪಡುವಣ ಗೋಡೆಗೆ ಪ್ರತಿವರ್ಷ ಚೌತಿಯ ಮುಂಚೆ ಬಣ್ಣ ಹೊಡೆಸುತ್ತೇನೆ. ಮಳೆ ಇರುವಷ್ಟು ದಿನ ಸುಮ್ಮನಿರುತ್ತದೆ, ದೀಪಾವಳಿ ದಾಟಿದ ಮೇಲೆ ನೆಲದಿಂದ ಮೂರಡಿಯವರೆಗೆ ಹಕ್ಕಳೆ ಏಳುತ್ತದೆ. ಪಿವಿಸಿ ಪ್ಯಾನೆಲ್ ಹೊಡೆಸಿ ಮುಚ್ಚಿಬಿಡಿ ಎನ್ನುತ್ತಾರೆ ಅಂಗಡಿಯವರು. ಅದೇ ಹಾಲಿನಲ್ಲಿ, ಈ ಗೋಡೆಯ ಕಿಟಕಿಗಳಿಗೆ ಎದುರಾಗಿ, ನಮ್ಮ 55 ಇಂಚಿನ ಟಿ.ವಿ. ಇದೆ. ರಾತ್ರಿ ವೈಜ್ಞಾನಿಕ ಸಿನೆಮಾ ಹಾಕಿದರೆ ಬಾಹ್ಯಾಕಾಶದ ಬದಲು ನಮ್ಮದೇ ಮುಖ ಕಾಣುತ್ತದೆ. ಇನ್ನು ಸಿಯಾಟಲ್‌ನಲ್ಲಿರುವ ಮೊಮ್ಮಗ ಬೇಸ್‌ಬಾಲ್ ಸ್ಕೋರ್ ಪಟ್ಟಿ ಕಳಿಸುತ್ತಾನೆ. ಅದರ 5.2, 6-4-3 ಇವೆಲ್ಲ ನನ್ನ ಕ್ರಿಕೆಟ್ ತಲೆಗೆ ಹತ್ತುವುದಿಲ್ಲ. ಮೂರಕ್ಕೂ ಉತ್ತರ ಕೊಡುವಿರಾ?
— ನಿವೃತ್ತ ಶಿಕ್ಷಕಿ, ಕಾರವಾರ

ಸಂಪಾದಕರ ಉತ್ತರ:

ಅಕ್ಕೋರೇ,

ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದು ಒಳ್ಳೆಯದಾಯಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ನಮ್ಮ ಕರಾವಳಿಯ ಗೋಡೆ ಒಣಗುವುದು ನವೆಂಬರಿನಿಂದ ಮಾರ್ಚ್‌ವರೆಗೆ. ಆಟ ಇಲ್ಲದ ಈ ಐದು ತಿಂಗಳೇ ಗೋಡೆ ಕೆಲಸದ ಕಾಲ. ನೀವು ಬಣ್ಣ ಹೊಡೆಸುತ್ತಿರುವುದು ಅದಕ್ಕೆ ಸರಿಯಾಗಿ ಉಲ್ಟಾ ಹೊತ್ತಿನಲ್ಲಿ.

ಚೌತಿ ನಮ್ಮಲ್ಲಿ ದೊಡ್ಡ ಹಬ್ಬ, ಮನೆ ಬೆಳ್ಳಗಿರಬೇಕು, ಒಪ್ಪಿದೆ. ಆದರೆ ಆಗ ಚಿರೇಕಲ್ಲು ನೀರು ಕುಡಿದು ಕೂತಿರುತ್ತದೆ. ಆ ಕಲ್ಲಿನ ಮೈಯೆಲ್ಲ ತೂತು. ನೆಲದ ನೀರನ್ನು ಬತ್ತಿ ಎಣ್ಣೆ ಎಳೆದಂತೆ ಎಳೆದುಕೊಳ್ಳುತ್ತದೆ, ಜೊತೆಗೆ ಮಣ್ಣಿನ ಮತ್ತು ಕಡಲ ಗಾಳಿಯ ಉಪ್ಪನ್ನೂ. ಗೋಡೆ ಒದ್ದೆ ಇರುವವರೆಗೆ ಉಪ್ಪು ಕರಗಿಯೇ ಇರುತ್ತದೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ಮಳೆ ನಿಂತು ಒಣಹವೆ ಬೀಸಿತೋ, ನೀರು ಹೊರಗೆ ಬರುತ್ತದೆ, ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಅದನ್ನು ದಬ್ಬುತ್ತದೆ. ಮಳೆಯಲ್ಲಿ ಸುಮ್ಮನಿದ್ದ ಬಣ್ಣ ದೀಪಾವಳಿಯ ಮೇಲೆ ಏಳುವುದು ಇದಕ್ಕೇ. ಬಣ್ಣದ ಕಂಪನಿ ಬದಲಿಸಿ ಪ್ರಯೋಜನವಿಲ್ಲ.

ಪ್ಯಾನೆಲ್ ಬೇಡವೇ ಬೇಡ. ಮುಚ್ಚಿದರೆ ಥಂಡಿ ಹೋಗುವುದಿಲ್ಲ, ನಿಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹಿಂದೆ ಬೂಸ್ಟು ಬೆಳೆಯುತ್ತದೆ, ಪಟ್ಟಿಯ ಮರಕ್ಕೆ ಗೆದ್ದಲು ಬರುತ್ತದೆ, ಒಳಗಿನ ದಾರಿ ಕಟ್ಟಿದ ನೀರು ಮೂರಡಿಯಿಂದ ನಾಲ್ಕಡಿಗೆ ಏರುತ್ತದೆ.

ಮೊದಲು ಮಾಡಬೇಕಾದ್ದು ಹೊರಗಿನ ಕೆಲಸ, ಅದನ್ನು ಈಗಲೇ, ಮಳೆ ಸುರಿಯುತ್ತಿರುವಾಗಲೇ ಕೊಡೆ ಹಿಡಿದು ನೋಡಿ. ಸೂರಿನ ನೀರು ಎಲ್ಲಿ ಬಿದ್ದು ಎಷ್ಟು ಎತ್ತರಕ್ಕೆ ಸಿಡಿಯುತ್ತದೆ? ಅಂಗಳಕ್ಕೆ ವರ್ಷ ವರ್ಷ ಮಣ್ಣು ಹಾಕಿಸಿ ಅದು ಪಂಚಾಂಗದ (ಗೋಡೆಯ ಕೆಳಗಿನ ಅಡಿಗಟ್ಟಿನ) ಮೇಲೆ ಬಂದು ಗೋಡೆಗೆ ತಾಗಿದೆಯೇ? ತಾಗಿದ್ದರೆ ಮಣ್ಣು ತೆಗೆಸಿ, ಒಳಗಿನ ನೆಲಕ್ಕಿಂತ ಆರಿಂಚಾದರೂ ಕೆಳಗಿರಲಿ. ಗೋಡೆ ಬುಡಕ್ಕೆ ಎರಡಡಿ ಅಗಲ ಜಲ್ಲಿ ಹಾಸಿದರೆ ಸಿಡಿತ ಕಡಿಮೆಯಾಗುತ್ತದೆ. ಪಡುವಣ ಗೋಡೆಗೆ ಇರಿಚಲು ನೇರ ಬಡಿಯುವುದರಿಂದ ಹಿಂದಿನವರು ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ನೋಡಲು ಚೆಂದವಿಲ್ಲ ಎಂದು ಬಿಟ್ಟಿದ್ದೇವೆ. ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಚೆಂದದ ಲೆಕ್ಕ ಬೇರೆ ಇರಬೇಕು.

ಥಂಡಿ ಗೋಡೆಯದೋ ಹವೆಯದೋ ಎಂಬ ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದರೆ ಗೋಡೆಯ ನೀರು, ಮುಂಬದಿ ಬೆವರಿದರೆ ಕೋಣೆಯ ಹವೆ.

ನವೆಂಬರಿನಲ್ಲಿ ಗವಂಡಿಯನ್ನು ಕರೆಸಿ. ಕಲೆ ಮೂರಡಿಗೆ ನಿಂತಿದ್ದರೂ ಗಾರೆಯನ್ನು ನಾಲ್ಕೂವರೆ ಅಡಿವರೆಗೆ ಕೆತ್ತಿಸಬೇಕು, ಉಪ್ಪು ಕಲೆಗಿಂತ ಮೇಲೆ ಹೋಗಿರುತ್ತದೆ. ಕಲ್ಲಿನ ಸಂದುಗಳನ್ನು ಅರ್ಧ ಇಂಚು ಆಳ ಕೆರೆಸಿ. ಮೇಲೆ ಬಂದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಡಿಸೆಂಬರ್, ಜನವರಿ ಗೋಡೆ ಬೆತ್ತಲಾಗಿಯೇ ಇರಲಿ, ವಾರಕ್ಕೊಮ್ಮೆ ಬ್ರಷ್ ಆಡಿಸಿ. ನೆಂಟರು ಬಂದರೆ ಮುಂದೆ ಒಂದು ಪಡದೆ ಇಳಿಬಿಟ್ಟರಾಯಿತು.

ಫೆಬ್ರವರಿಯಲ್ಲಿ ಗಾರೆ. ಅಷ್ಟರಲ್ಲಿ ಗೋಡೆ ಪೂರ್ತಿ ಒಣಗಿರುವುದಿಲ್ಲ, ಆದ್ದರಿಂದ ಸಿಮೆಂಟ್ ಬೇಡ, ಉಸಿರಾಡುವ ಸುಣ್ಣದ ಗಾರೆಯೇ ಆಗಬೇಕು. ಒಂದು ಪಾಲು ಸುಣ್ಣದ ಹದಕ್ಕೆ ಮೂರು ಪಾಲು ಮರಳು. 14 ಅಡಿ ಉದ್ದ, ನಾಲ್ಕೂವರೆ ಅಡಿ ಎತ್ತರ ಎಂದರೆ 63 ಚದರ ಅಡಿ. ತಲಾ 10 ಮಿ.ಮೀ. ದಪ್ಪದ ಎರಡು ಕೋಟಿಗೆ, ಸಂದು ತುಂಬುವುದೂ ಸೇರಿ, ಸುಮಾರು 5 ಘನ ಅಡಿ ಮರಳು, ಒಂದೂಮುಕ್ಕಾಲು ಘನ ಅಡಿ ಸುಣ್ಣ ಸಾಕು. ಮರಳು ಹೊಳೆಯದ್ದು, ತೊಳೆದದ್ದು. ಮನೆ ಮುಂದೆಯೇ ಕಡಲತಡಿ ಇದೆಯಲ್ಲ ಎಂದು ಅಲ್ಲಿಯ ಮರಳು ತಂದರೆ ನೀವೇ ದುಡ್ಡು ಕೊಟ್ಟು ಗೋಡೆಗೆ ಉಪ್ಪು ತುಂಬಿಸಿದಂತೆ. ಗಾರೆ ಹಚ್ಚುವ ಮುಂಚೆ ಕಲ್ಲಿಗೆ ನೀರು ಚಿಮುಕಿಸಿ, ಹಚ್ಚಿದ ಮೇಲೆ ಒಂದು ವಾರ ಹದವಾಗಿ ತೇವ ಇರಲಿ. ಅವಸರದಲ್ಲಿ ಫ್ಯಾನ್ ಬಿಟ್ಟರೆ ಕೂದಲೆಳೆಯಂಥ ಬಿರುಕು ಬರುತ್ತದೆ. ಪುಟ್ಟಿ, ಪಿಒಪಿ ಈ ಗೋಡೆಯ ಹತ್ತಿರ ಸುಳಿಯದಿರಲಿ.

ನಾಲ್ಕು ವಾರ ಬಿಟ್ಟು ಸುಣ್ಣ ಬಳಿಯಿರಿ. ಹಾಲಿನಷ್ಟು ತೆಳ್ಳಗೆ ನಾಲ್ಕು ಕೋಟು. ದಪ್ಪಗೆ ಎರಡೇ ಕೋಟಿನಲ್ಲಿ ಮುಗಿಸಿದರೆ ಕೈಗೆ ಪುಡಿ ಹತ್ತುತ್ತದೆ. ಬಣ್ಣ ಬೇಕಿದ್ದರೆ ಕಾವಿ ಮಣ್ಣು, ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರದಂತೆ. ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಕಾವಿ ಕಲೆ ಇದೇ ಎರಡು ವಸ್ತುವಿನದು: ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಬಿಡಿಸಿದ ಬಳ್ಳಿ. ಕಿಟಕಿ ಸುತ್ತ ಮೂರಿಂಚಿನ ಕಾವಿ ಅಂಚು ಕೊಟ್ಟರೆ ಹಾಲಿಗೆ ಅದಕ್ಕಿಂತ ಅಲಂಕಾರ ಬೇಡ.

ಆದರೆ ಆ ಕೆಂಪು ಟಿ.ವಿ.ಯ ಸುತ್ತ ಬರಬಾರದು. ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ.

ಟಿ.ವಿ. ಕಿಟಕಿಗೆ ಎದುರಾಗಿ ಇದ್ದರೆ ಹಗಲು ಕಿಟಕಿ ಕಾಣುತ್ತದೆ, ರಾತ್ರಿ ನಿಮ್ಮ ತಲೆಯ ಮೇಲಿನ ಟ್ಯೂಬ್‌ಲೈಟ್ ಮತ್ತು ನೀವು. ಅದನ್ನು ಬಡಗಣ ಒಳಗೋಡೆಗೆ ಸರಿಸಿ, ಕಿಟಕಿ ಪಕ್ಕಕ್ಕೆ ಬರಲಿ. ಆ ಗೋಡೆ ಒಣಗಿರುವುದರಿಂದ ಅಲ್ಲಿ ಎಮಲ್ಷನ್ ನಡೆಯುತ್ತದೆ, ಹೊಳಪಿಲ್ಲದ ಮ್ಯಾಟ್, ನಡುಮಟ್ಟದ ಬೂದು. ಕೆಂಪು ಗೋಡೆ ಪರದೆಯ ಸುತ್ತ ಇದ್ದರೆ ಕಣ್ಣು ಚಿತ್ರದ ಬಣ್ಣವನ್ನು ತಪ್ಪಾಗಿ ಓದುತ್ತದೆ. ಬೂದು ಯಾವ ಕಡೆಗೂ ಎಳೆಯುವುದಿಲ್ಲ. 11ಕ್ಕೆ 10 ಅಡಿ ಗೋಡೆಗೆ ಎರಡು ಕೋಟು ಎಂದರೆ ಎರಡರಿಂದ ಎರಡೂವರೆ ಲೀಟರ್.

ಚಿರೇಕಲ್ಲಿಗೆ ಟಿ.ವಿ. ನೇತುಹಾಕುವಾಗ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿಸಿ, ಇಲ್ಲವಾದರೆ ತೂತು ಒಳಗೇ ಪುಡಿಯಾಗಿ ಪ್ಲಗ್ ಸಡಿಲವಾಗುತ್ತದೆ. ನೇರ ನಾಲ್ಕು ಸ್ಕ್ರೂಗೆ ಭಾರ ಬಿಡುವ ಬದಲು ಐಎಸ್ 710 ಮುದ್ರೆಯ, ಅಂದರೆ ನೀರು ತಡೆಯುವ, 18 ಮಿ.ಮೀ. ಪ್ಲೈವುಡ್ ಹಲಗೆಯನ್ನು ಎಂಟು ಕಡೆ ಬಿಗಿದು ಬ್ರಾಕೆಟ್ ಅದಕ್ಕೆ ಹಾಕಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್, ನಾಲ್ಕಿಂಚು. ಸಾದಾ ಸ್ಕ್ರೂ ಹಾಕಿದರೆ ಕಡಲ ಗಾಳಿಗೆ ತುಕ್ಕು ಹಿಡಿದು ಬೂದು ಗೋಡೆಯ ಮೇಲೆ ಕಂದು ಗೆರೆ ಇಳಿಯುತ್ತದೆ. ಪರದೆಯ ನಡುಮಧ್ಯ ನೆಲದಿಂದ 40 ಇಂಚು, ಕುರ್ಚಿ ಏಳಡಿ ದೂರ.

ನಿಮ್ಮ ಪರದೆ ಸುಮಾರು 48 ಇಂಚು ಅಗಲ, 27 ಇಂಚು ಎತ್ತರ. ನೀವು ಹೇಳಿದ ವೈಜ್ಞಾನಿಕ ಸಿನೆಮಾಗಳಲ್ಲಿ ಅನೇಕವು 2.39ಕ್ಕೆ 1ರ ಅಗಲ ಚೌಕಟ್ಟಿನವು, ಹಾಗಾಗಿ ಚಿತ್ರ 20 ಇಂಚು ಎತ್ತರಕ್ಕೇ ಮುಗಿದು ಮೇಲೆ ಕೆಳಗೆ ತಲಾ ಮೂರೂವರೆ ಇಂಚು ಕಪ್ಪು ಪಟ್ಟಿ ಉಳಿಯುತ್ತದೆ. ಅದನ್ನು ತುಂಬಿಸಲು 'ಜೂಮ್' ಒತ್ತಬೇಡಿ, ಬದಿಯ ಚಿತ್ರ ಕತ್ತರಿಸಿಹೋಗುತ್ತದೆ. ಪಟ್ಟಿ ಬೂದಾಗಿ ಹೊಳೆಯುತ್ತಿದ್ದರೆ ಸೆಟ್ಟಿಂಗಿನಲ್ಲಿ 'ವಿವಿಡ್' ಬಿಟ್ಟು 'ಸಿನೆಮಾ' ಇಡಿ, ಬ್ಯಾಕ್‌ಲೈಟ್ ಇಳಿಸಿ. ಟ್ಯೂಬ್‌ಲೈಟ್ ಆರಿಸಿ ಟಿ.ವಿ.ಯ ಹಿಂದೆ ಬಿಳಿ, 6500 ಕೆಲ್ವಿನ್‌ನ ಎಲ್‌ಇಡಿ ಪಟ್ಟಿಯನ್ನು ಮಂದವಾಗಿ ಹಚ್ಚಿ: ಕಣ್ಣಿಗೆ ಆಯಾಸವಿಲ್ಲ, ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. 'ಮೋಷನ್' ಎಂಬ ಹೆಸರಿನ ಆಯ್ಕೆಯನ್ನೂ ಆಫ್ ಮಾಡಿ. ಸೆಕೆಂಡಿಗೆ 24 ಚೌಕಟ್ಟಿನ ಸಿನೆಮಾಕ್ಕೆ ಟಿ.ವಿ. ತಾನೇ ನಡುವೆ ಚೌಕಟ್ಟು ಹುಟ್ಟಿಸಿ ಸೇರಿಸಿದರೆ ಕೋಟಿ ರೂಪಾಯಿಯ ನೌಕೆಯೂ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ.

ಯಾವುದನ್ನು ಯಾವಾಗ ನೋಡಬೇಕು ಎಂಬುದೂ ಇದೆ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ನೌಕೆಯ ಹೊರಗಿನ ಕೆಲವು ದೃಶ್ಯಗಳಿಗೆ ಗಗನಯಾತ್ರಿಯ ಉಸಿರಾಟ ಒಂದೇ ಶಬ್ದ, ಕೆಲವಕ್ಕೆ ಅದೂ ಇಲ್ಲ. ಆಷಾಢದ ಮಳೆ ತಗಡಿನ ಮೇಲೆ ಕುಟ್ಟುವಾಗ ಅದನ್ನು ಹಾಕಿ ಏನು ಕೇಳುವುದು? ಅದು ಡಿಸೆಂಬರಿಗೆ ಇರಲಿ. ಮಳೆಗಾಲಕ್ಕೆ ಸಿಡಿತ, ಬೆನ್ನಟ್ಟುವಿಕೆ ಇರುವಂಥದ್ದು ಆಗಬಹುದು, ಉಪಶೀರ್ಷಿಕೆ ಹಾಕಿಕೊಳ್ಳಿ.

ಬೇಸ್‌ಬಾಲ್ ಮಾತ್ರ ಮಳೆಗಾಲದ ಬೆಳಗಿಗೆ ಹೇಳಿ ಮಾಡಿಸಿದ ಆಟ. ಸಿಯಾಟಲ್ ಮರೀನರ್ಸ್ ತಂಡದವರು ತಮ್ಮೂರಿನಲ್ಲಿ ಸಂಜೆ 6.40ಕ್ಕೆ ಆಡಿದರೆ ನಮಗೆ ಮರುದಿನ ಬೆಳಿಗ್ಗೆ 7.10, ಚಹಾದ ಹೊತ್ತು. ಪೂರ್ವ ಕರಾವಳಿಯಲ್ಲಿ ಸಂಜೆ 7.05ರ ಆಟವಾದರೆ ನಸುಕಿನ 4.35, ಅದಕ್ಕೆ ಏಳಬೇಡಿ. ಅಂದಹಾಗೆ ಮಳೆ ಹನಿಯುವ ಸಿಯಾಟಲ್‌ನ ಆ ಕ್ರೀಡಾಂಗಣಕ್ಕೆ 1999ರಿಂದಲೂ ಸರಿದು ಮುಚ್ಚುವ ಮಾಡು ಇದೆ. 2023ರಲ್ಲಿ ಪಿಚ್ ಗಡಿಯಾರ (ಇಂತಿಷ್ಟೇ ಸೆಕೆಂಡಿನಲ್ಲಿ ಚೆಂಡು ಎಸೆಯಬೇಕೆಂಬ ನಿಯಮ) ಬಂದ ಮೇಲೆ ಆಟ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. 150 ಆಂಪಿಯರ್-ಅವರ್‌ನ ಒಳ್ಳೆಯ ಬ್ಯಾಟರಿ ಇದ್ದರೆ ಟಿ.ವಿ., ಒಂದು ಫ್ಯಾನ್, ರೌಟರ್ ಸೇರಿ ನಾಲ್ಕು ಗಂಟೆ ತಡೆಯುತ್ತದೆ, ಕರೆಂಟ್ ಹೋದರೂ ಆಟ ಪೂರ್ತಿಯಾಗುತ್ತದೆ. ಗುಡುಗಿದರೆ ಮಾತ್ರ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಈಗ ಸ್ಕೋರ್ ಪಟ್ಟಿ. ಪಿಚರ್‌ನ (ಚೆಂಡು ಎಸೆಯುವವನ) ಹೆಸರಿನ ಮುಂದೆ 5.2 ಎಂದಿದ್ದರೆ ಓವರಿನ ಲೆಕ್ಕದಂತೆಯೇ ಓದಿ, ಆದರೆ ಚುಕ್ಕಿಯ ನಂತರದ್ದು ಎಸೆತವಲ್ಲ, ಔಟ್. ಒಂದು ಇನಿಂಗ್ಸಿಗೆ ಮೂರು ಔಟ್, ಆದ್ದರಿಂದ ಅದು ಐದು ಇನಿಂಗ್ಸ್ ಮತ್ತು ಎರಡು ಔಟ್. ಇಆರ್‌ಎ ಎಂದರೆ ಒಂಬತ್ತು ಇನಿಂಗ್ಸಿಗೆ ಅವನು ಕೊಟ್ಟ ರನ್, ಫೀಲ್ಡರ್ ತಪ್ಪಿನಿಂದ ಬಂದದ್ದು ಬಿಟ್ಟು. 5.2 ಇನಿಂಗ್ಸಿಗೆ 2 ರನ್ ಆದರೆ 2ನ್ನು 9ರಿಂದ ಗುಣಿಸಿ 5.67ರಿಂದ ಭಾಗಿಸಿ: 3.18. ಇಲ್ಲಿ 5.2ರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು.

6-4-3 ರನ್ ಅಲ್ಲ, ಫೀಲ್ಡರ್ ನಿಲ್ಲುವ ಜಾಗದ ಸಂಖ್ಯೆ. ಬೇಸ್ ಎಂದರೆ ಓಡುವವನು ಮುಟ್ಟಬೇಕಾದ ನೆಲೆ. ಪಿಚರ್ 1, ಕ್ಯಾಚರ್ (ನಮ್ಮ ವಿಕೆಟ್ ಕೀಪರ್‌ನಂತೆ) 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹಿಂದಿನ ಮೂವರು ಎಡದಿಂದ ಬಲಕ್ಕೆ 7, 8, 9. ಚೆಂಡು ಶಾರ್ಟ್‌ಸ್ಟಾಪ್‌ಗೆ ಸಿಕ್ಕಿತು, ಅವನು ಎರಡನೇ ಬೇಸ್‌ಮನ್‌ಗೆ ಎಸೆದ, ಮೊದಲ ಬೇಸಿನಿಂದ ಅಲ್ಲಿಗೆ ಓಡಿಬರುತ್ತಿದ್ದವ ಔಟ್. ಅಲ್ಲಿಂದ ಮೊದಲ ಬೇಸಿಗೆ, ಹೊಡೆದವನೂ ಔಟ್. ಒಂದು ಹೊಡೆತಕ್ಕೆ ಇಬ್ಬರು. ಚೌಕುಳಿ ನೋಟ್‌ಬುಕ್ ಇಟ್ಟುಕೊಂಡು ಆಟಗಾರನಿಗೊಂದು ಸಾಲು, ಇನಿಂಗ್ಸಿಗೊಂದು ಮನೆ ಎಂದು ನಾಲ್ಕು ಆಟ ಬರೆದುಕೊಳ್ಳಿ, ಸಂಖ್ಯೆ ತಾವಾಗಿ ಬಾಯಿಗೆ ಬರುತ್ತವೆ. ಮೊಮ್ಮಗನ ಪಟ್ಟಿಗೆ ನಿಮ್ಮದನ್ನು ಹೋಲಿಸಿ ತಪ್ಪಿದ್ದಲ್ಲಿ ಕೆಂಪು ಶಾಯಿ ಹಾಕುವ ಅಧಿಕಾರ ನಿಮಗಿದ್ದೇ ಇದೆ.

ಉಳಿದದ್ದು ಈ ವರ್ಷದ ಚೌತಿ. ಎದ್ದ ಹಕ್ಕಳೆಯನ್ನು ಒಣ ಬ್ರಷ್‌ನಿಂದ ಕೆರೆದು, ಫಲಾವಳಿ (ಗಣಪತಿಯ ಮೇಲೆ ತೂಗುಹಾಕುವ ಹಣ್ಣು-ಕಾಯಿ) ಕಟ್ಟುವ ಜಾಗದ ಹಿಂದೆ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಒಂದು ಹತ್ತಿಯ ಸೀರೆ ಇಳಿಬಿಡಿ. ಗಣಪತಿ ಮಂಟಪವನ್ನೂ ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಗಾಳಿ ಆಡಲಿ.

— ಸಂ.