ಹಲ್ಲಿಗೆ ಕ್ಲಿಪ್ ಹಾಕಿಸುವ ಮುಂಚೆ ಮಕ್ಕಳಿಗೆ ಎಕ್ಸ್‌ರೇ ತೆಗೆಸಬಹುದಾ?

ಚಿಕ್ಕಮಗಳೂರಿನಲ್ಲಿ 12 ವರ್ಷದ ಮಗಳಿಗೆ ಕ್ಲಿಪ್ ಹಾಕಲು ಎರಡು ಎಕ್ಸ್‌ರೇ ಬೇಕು ಅಂದಿದ್ದಾರೆ, ಭಯ ಆಗುತ್ತಿದೆ ಅಂತ ಬರೆದಿದ್ದೀರಿ. ಧೈರ್ಯವಾಗಿ ತೆಗೆಸಿ. ಅವಿಲ್ಲದೆ ಕ್ಲಿಪ್ ಹಾಕುವುದೇ ಹೆಚ್ಚು ಅಪಾಯ.

ಕ್ಲಿಪ್ ಎಳೆಯುವುದು ಕಣ್ಣಿಗೆ ಕಾಣುವ ಹಲ್ಲನ್ನು ಮಾತ್ರ ಅಲ್ಲ, ಮೂಳೆಯೊಳಗಿನ ಬೇರನ್ನೂ. ಈ ವಯಸ್ಸಿನಲ್ಲಿ ಮೇಲಿನ ಕೋರೆಹಲ್ಲು ಒಳಗೇ ಅಡ್ಡವಾಗಿ ಕೂತು ಪಕ್ಕದ ಹಲ್ಲಿನ ಬೇರನ್ನು ಸವೆಸುತ್ತಿರಬಹುದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎಲ್ಲ ಹಲ್ಲನ್ನೂ ಒಟ್ಟಿಗೆ ತೋರಿಸುವ ಓಪಿಜಿಯಲ್ಲಿ ಇದು ಕಾಣುತ್ತದೆ. ಮುಖದ ಪಕ್ಕದಿಂದ ತೆಗೆಯುವ ಇನ್ನೊಂದು ಎಕ್ಸ್‌ರೇ ಮೇಲಿನ, ಕೆಳಗಿನ ದವಡೆಗಳ ಹೊಂದಾಣಿಕೆ ತೋರಿಸುತ್ತದೆ.

ವಿಕಿರಣದ ವಿಷಯ: ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ಅದು ದಿನಾ ತಾಗುತ್ತಲೇ ಇರುತ್ತದೆ. ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಒಂದು ಡಿಜಿಟಲ್ ಓಪಿಜಿಯದ್ದು ಸಾಮಾನ್ಯವಾಗಿ ಅದರ ನೂರರಲ್ಲೊಂದು ಪಾಲು, ಇಲ್ಲವೇ ಅದಕ್ಕಿಂತ ಕಡಿಮೆ. ಪಕ್ಕದ ಎಕ್ಸ್‌ರೇಯದ್ದು ಇನ್ನೂ ಕಡಿಮೆ.

ಹಾಗಂತ ಸುಮ್ನೆ ಪದೇ ಪದೇ ತೆಗೆಸುವುದು ಬೇಡ. ಮಕ್ಕಳ ದೇಹಕ್ಕೆ ವಿಕಿರಣ ದೊಡ್ಡವರಿಗಿಂತ ಜಾಸ್ತಿ ತಟ್ಟುತ್ತದೆ. ತಿಂಗಳ ತಿಂಗಳ ಕ್ಲಿಪ್ ಬಿಗಿ ಮಾಡುವಾಗ ಎಕ್ಸ್‌ರೇ ಬೇಕಾಗುವುದಿಲ್ಲ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಹೇಳಿದರೆ ಮಾತ್ರ ಯಾಕೆ ಅಂತ ಕೇಳಿ, ಅದರಲ್ಲಿ ವಿಕಿರಣ ಸಾಮಾನ್ಯವಾಗಿ ಹೆಚ್ಚು. ಹೂತ ಕೋರೆಹಲ್ಲಿನಂಥ ಕಾರಣ ಇದ್ದರೆ ಸರಿ. ಎಕ್ಸ್‌ರೇ ಫೈಲನ್ನು ನೀವೇ ಇಟ್ಟುಕೊಳ್ಳಿ. ನಾಳೆ ಹಾಸನದಲ್ಲಿ ಇನ್ನೊಬ್ಬರಿಗೆ ತೋರಿಸಿದರೂ ಮತ್ತೆ ತೆಗೆಸುವುದು ತಪ್ಪುತ್ತದೆ, ಅಲ್ವಾ?